ಕಳಿಸಿದ್ದು ಬೇರೆ, ತಿಳಿಸಿದ್ದು ಬೇರೆ: ವಿಶೇಷ ಶಿಕ್ಷಕರಿಗೆ ಮಾಹಿತಿ ತಲುಪುವ ದಾರಿ

ಕಿವಿಯ ಹಿಂದೆ ಸಿಕ್ಕಿಸುವ ಶ್ರವಣ ಸಾಧನವನ್ನು ಆನ್ ಮಾಡಿ, ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರೆ ಸಾಮಾನ್ಯವಾಗಿ ಅದು ಕುಂಯ್ ಎಂದು ಸಣ್ಣಗೆ ಶಿಳ್ಳೆ ಹಾಕುತ್ತದೆ. ಹಾಕಲಿಲ್ಲವೆಂದರೆ ಸೆಲ್ ಮುಗಿದಿರಬೇಕು, ಇಲ್ಲವೇ ಕೊಳವೆಯಲ್ಲಿ ಗುಗ್ಗೆ ಕಟ್ಟಿರಬೇಕು. ಇದನ್ನು ಕಲಿಯಲು ಅರ್ಧ ನಿಮಿಷ ಸಾಕು.

ನಾನು ಬಿಆರ್‌ಸಿಯಲ್ಲಿ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ, ಸಂಪನ್ಮೂಲ ವ್ಯಕ್ತಿಯಾಗಿದ್ದ ದಿನಗಳಲ್ಲಿ ಒಮ್ಮೆ ತಾಲ್ಲೂಕಿನ ವಿಶೇಷ ಶಿಕ್ಷಕಿಯಾದ ನಮ್ಮ ಬಿಐಇಆರ್‌ಟಿ ಮೇಡಂ ಜೊತೆ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಐದನೇ ತರಗತಿಯ ಹುಡುಗಿಯೊಬ್ಬಳ ಬಗ್ಗೆ ಮೇಷ್ಟ್ರು ದೂರು ಹೇಳಿದರು: "ಮೊದಲು ಚೆನ್ನಾಗಿದ್ದಳು, ಈಗೀಗ ಕರೆದರೂ ತಿರುಗಲ್ಲ. ಹಟ ಜಾಸ್ತಿಯಾಗಿದೆ." ಮೇಡಂ ಏನೂ ಮಾತಾಡದೆ ಹುಡುಗಿಯ ಕಿವಿಯಿಂದ ಸಾಧನ ತೆಗೆದು ಮುಷ್ಟಿ ಮುಚ್ಚಿದರು. ಸದ್ದಿಲ್ಲ. ಅದರ ಪುಟ್ಟ ಬಾಗಿಲು ಬಿಡಿಸಿ ನೋಡಿದರೆ ಸೆಲ್ಲಿನ ಮೇಲೆ ಬಿಳಿ ಪುಡಿ ಕಟ್ಟಿತ್ತು. ಅಷ್ಟರಲ್ಲಿ ಮುಖ್ಯ ಶಿಕ್ಷಕರು ಬೀರುವಿನಿಂದ ಫೈಲು ತಂದರು. ಶಿಬಿರದ ಸುತ್ತೋಲೆ, ಫಲಾನುಭವಿಗಳ ಪಟ್ಟಿ, ತಾಯಿಯ ಹೆಬ್ಬೆಟ್ಟು, ಬ್ಯಾನರ್ ಮುಂದೆ ನಿಂತು ತೆಗೆಸಿದ ಫೋಟೊ, ಎಲ್ಲವೂ ಅಚ್ಚುಕಟ್ಟಾಗಿತ್ತು. ಆ ಫೈಲಿನಲ್ಲಿ ಇಲ್ಲದಿದ್ದದ್ದು ಒಂದೇ ಸಾಲು: ಈ ಬಟನ್ ಸೆಲ್ ಒಂದೆರಡು ವಾರಕ್ಕೆ ಮುಗಿಯುತ್ತದೆ, ಹೊಸದನ್ನು ಇಂಥವರು ತರಬೇಕು.

ವಿಶೇಷ ಅಗತ್ಯವುಳ್ಳ ಮಕ್ಕಳೂ ಉಳಿದವರ ಜೊತೆಯಲ್ಲೇ ಕಲಿಯುವ ನಮ್ಮ ಸಮನ್ವಯ ಶಿಕ್ಷಣದ ತೊಡಕು ಬಹುಪಾಲು ಇಲ್ಲೇ ಇದೆ ಎಂದು ನನಗೆ ಅವತ್ತಿನಿಂದ ಅನ್ನಿಸಿದೆ. ಕಾನೂನು ಇದೆ, ಯೋಜನೆ ಇದೆ, ದುಡ್ಡೂ ಒಂದಿಷ್ಟು ಬರುತ್ತದೆ. ಆದರೆ ಮಗುವಿನ ಎದುರು ನಿಂತವರಿಗೆ, ಬೇಕಾದ ವಾರದಲ್ಲಿ, ಬೇಕಾದ ಸಾಲು ಗೊತ್ತಿರುವುದಿಲ್ಲ. ಮೇಲಿನವರನ್ನು ಕೇಳಿದರೆ "ಎಲ್ಲ ಕಳಿಸಿದ್ದೇವಲ್ಲ" ಅನ್ನುತ್ತಾರೆ. ಅದೂ ಸುಳ್ಳಲ್ಲ.

ಮೊದಲು ಬಿಐಇಆರ್‌ಟಿ ಯಾರು ಎಂದು ಹೇಳಿಬಿಡುತ್ತೇನೆ. ಶಿಕ್ಷಣ ಇಲಾಖೆಯ ಹೊರಗಿನವರಿಗೆ ಈ ಅಕ್ಷರಮಾಲೆ ಅರ್ಥವಾಗುವುದಿಲ್ಲ. ಒಳಗಿರುವ ಹಲವರಿಗೂ ಅಷ್ಟಕ್ಕಷ್ಟೆ. ತಾಲ್ಲೂಕು ಹಂತದಲ್ಲಿ, ಅಂದರೆ ಇಲಾಖೆಯ ಭಾಷೆಯಲ್ಲಿ ಬ್ಲಾಕ್ ಹಂತದಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು ಇವರು. ಇವರಿಗೆ ತಮ್ಮದೇ ಆದ ತರಗತಿ ಇಲ್ಲ. ಇವತ್ತು ಒಂದು ಶಾಲೆ, ನಾಳೆ ಇನ್ನೊಂದು. ಮಧ್ಯೆ ಹಾಸಿಗೆ ಬಿಟ್ಟು ಏಳಲಾಗದ ಮಗುವಿನ ಮನೆಗೆ ಗೃಹಾಧಾರಿತ ಶಿಕ್ಷಣಕ್ಕೆ ಭೇಟಿ, ವಾರದಲ್ಲಿ ಕೆಲವು ದಿನ ಶಾಲಾ ಸಿದ್ಧತಾ ಕೇಂದ್ರ, ಉಳಿದ ಹೊತ್ತು ವರದಿ. ವಿಶೇಷ ಶಿಕ್ಷಣದ ಡಿ.ಎಡ್ ಅಥವಾ ಬಿ.ಎಡ್‌ನಲ್ಲಿ ಓದುವುದು ಸಾಮಾನ್ಯವಾಗಿ ಒಂದು ವಿಭಾಗವನ್ನು. ಶ್ರವಣ ದೋಷ, ದೃಷ್ಟಿ ದೋಷ, ಬೌದ್ಧಿಕ ಅಸಮರ್ಥತೆ, ಹೀಗೆ. ಆದರೆ ಶಾಲೆಯ ಬಾಗಿಲಲ್ಲಿ ಕಾಯುವ ಮಗು ವಿಭಾಗ ನೋಡಿಕೊಂಡು ಬರುವುದಿಲ್ಲವಲ್ಲ. 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಬ್ರೈಲ್ ಕಲಿತು ಬಂದ ಶಿಕ್ಷಕಿ ಈಗ ಆಟಿಸಂ, ಸ್ನಾಯುಕ್ಷಯ, ಥಲಸ್ಸೀಮಿಯಾ ಎಲ್ಲದರ ಬಗ್ಗೆಯೂ ಪೋಷಕರ ಪ್ರಶ್ನೆಗೆ ಉತ್ತರ ಕೊಡಬೇಕು. ಓದಿದ್ದು ಒಂದು, ಕೇಳುವುದು ಇಪ್ಪತ್ತೊಂದು.

ಸಂಖ್ಯೆಯ ಕಥೆಯೂ ಹಾಗೇ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ, 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತಿದ್ದಿತು. ಒಂದರಿಂದ ಐದನೇ ತರಗತಿಯಲ್ಲಿ ವೈಕಲ್ಯವಿರುವ ಹತ್ತು ಮಕ್ಕಳಿಗೊಬ್ಬ, ಆರರಿಂದ ಎಂಟರಲ್ಲಿ ಹದಿನೈದು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ ಎಂಬ ಲೆಕ್ಕ ಆಗ ಬಂತು. ಹುದ್ದೆಗಳನ್ನು ಗೊತ್ತುಪಡಿಸಿ ಪ್ರಕಟಿಸಿ ಎಂದು 2025ರ ಮಾರ್ಚ್‌ನಲ್ಲಿ ಕೋರ್ಟು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು ಎಂದರೆ ಆ ಲೆಕ್ಕ ಎಲ್ಲಿ ನಿಂತಿತ್ತು ಎಂದು ನೀವೇ ಊಹಿಸಿ. ಇಡೀ ಬ್ಲಾಕಿಗೆ ಬೆರಳೆಣಿಕೆಯ ವಿಶೇಷ ಶಿಕ್ಷಕರಿರುವಾಗ ಮಗುವಿನ ಜೊತೆ ದಿನವಿಡೀ ಇರುವುದು ಸಾಮಾನ್ಯ ಶಿಕ್ಷಕರೇ. ಹಾಗಾಗಿ ಮಾಹಿತಿ ಬಿಐಇಆರ್‌ಟಿಗೆ ತಲುಪಿದರೆ ಅರ್ಧ ದಾರಿ ಬಂದಂತೆ ಅಷ್ಟೆ. ಅಲ್ಲಿಂದ ತರಗತಿ ಶಿಕ್ಷಕರಿಗೆ, ಪಿಇಟಿ ಮೇಷ್ಟ್ರಿಗೆ, ಬಿಸಿಯೂಟದ ಅಕ್ಕನಿಗೆ ತಲುಪುವುದು ಉಳಿದರ್ಧ.

ಇಷ್ಟಕ್ಕೂ ಅವರು ತಿಳಿದುಕೊಳ್ಳಬೇಕಾದ್ದು ಎಷ್ಟು ಕಡೆಯಿಂದ ಬರುತ್ತದೆ? ಶಿಕ್ಷಣ ಇಲಾಖೆಯೊಂದರಿಂದಲೇ ಬಂದಿದ್ದರೆ ಸರಿಹೋಗುತ್ತಿತ್ತು. ಸಾಧನ ಸಲಕರಣೆ, ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಪ್ರೋತ್ಸಾಹಧನ, ಇವು ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯವು; ಆ ಯೋಜನೆಯಲ್ಲಿ ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿ ಲೆಕ್ಕ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಗೆ, ವೈದ್ಯರು ಬೇಕು, ಅದು ಆರೋಗ್ಯ ಇಲಾಖೆ. ಶಾಲೆಗೆ ಬಂದು ಮಕ್ಕಳ ತಪಾಸಣೆ ಮಾಡುವ ಆರ್‌ಬಿಎಸ್‌ಕೆ ತಂಡವೂ ಅವರದೇ. ಹಳ್ಳಿಯಲ್ಲಿ ಮನೆಮನೆ ತಿರುಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವರು. ಮಾಸಾಶನಕ್ಕೆ ನಾಡಕಚೇರಿ, ಅಂದರೆ ಕಂದಾಯ ಇಲಾಖೆ. ಒಂಬತ್ತು, ಹತ್ತನೇ ತರಗತಿಯವರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಎಸ್ಸೆಸ್ಸೆಲ್ಸಿ ವಿನಾಯಿತಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಕೈಯಲ್ಲಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಮರ್ಥತೆ, ಬಹುವಿಧ ವೈಕಲ್ಯ ಇರುವವರಿಗೆ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ಇದೆ. ಅದು ದೆಹಲಿಯ ನ್ಯಾಷನಲ್ ಟ್ರಸ್ಟ್‌ನದು.

ಇಷ್ಟೂ ಇಲಾಖೆಗಳು ತಂತಮ್ಮ ಸುತ್ತೋಲೆಗಳನ್ನು ತಂತಮ್ಮ ಕೆಳಗಿನವರಿಗೆ ಕಳಿಸುತ್ತವೆ. ಬಿಐಇಆರ್‌ಟಿ ಇವುಗಳಲ್ಲಿ ಒಂದೇ ಒಂದರ ಕೆಳಗಿದ್ದಾರೆ. ಉಳಿದವು ಅವರಿಗೆ ಗೊತ್ತಾಗುವುದು ಪರಿಚಯದಿಂದ. ಆಸ್ಪತ್ರೆಯ ಗುಮಾಸ್ತರ ನಂಬರ್ ಇದ್ದರೆ, ಪುನರ್ವಸತಿ ಕಾರ್ಯಕರ್ತರ ಜೊತೆ ಚಹಾದ ಸಲಿಗೆ ಇದ್ದರೆ. ಕೆಲಸಗಾರ ಬಿಐಇಆರ್‌ಟಿ ಎಂದು ತಾಲ್ಲೂಕಿನಲ್ಲಿ ಹೆಸರು ಪಡೆದವರನ್ನು ಗಮನಿಸಿ ನೋಡಿ, ಅವರ ಬಲ ಅರ್ಧಕ್ಕರ್ಧ ಅವರ ಫೋನಿನ ಕಾಂಟ್ಯಾಕ್ಟ್ ಪಟ್ಟಿಯಲ್ಲಿರುತ್ತದೆ.

ಇನ್ನು ಒಂದು ಸುತ್ತೋಲೆಯನ್ನು ಹತ್ತಿರದಿಂದ ನೋಡೋಣ. ಮೇಲೆ ಕಚೇರಿಯ ಹೆಸರು, ಸಂಖ್ಯೆ, ದಿನಾಂಕ. "ವಿಷಯ" ಅನ್ನುವಲ್ಲಿ ನಾಲ್ಕು ಸಾಲಿನ ಒಂದೇ ವಾಕ್ಯ, ಕೊನೆಗೆ "ಕುರಿತು". "ಉಲ್ಲೇಖ" ಅನ್ನುವಲ್ಲಿ ನಾವು ಯಾರೂ ನೋಡಿರದ ಐದು ಪತ್ರಗಳು. ಆಮೇಲೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಶುರುವಾಗಿ ಯೋಜನೆಯ ಘನ ಉದ್ದೇಶಗಳು. ಮಗುವಿಗೆ ಮಾಡಬೇಕಾದ ಕೆಲಸ ಬರುವುದು ಎರಡನೇ ಪುಟದ ನಡುವಿನಲ್ಲಿ. ಕೊನೆಯ ದಿನಾಂಕ ಇರುವುದು ಅನುಬಂಧದಲ್ಲಿ, ಅಡ್ಡಪಟ್ಟಿಯ ಮೂಲೆಯಲ್ಲಿ. ಅನುಬಂಧದ ಪಿಡಿಎಫ್ ಬೇರೆ. ಅದು ವಾಟ್ಸ್ಯಾಪ್ ಗುಂಪಿನಲ್ಲಿ ಮುಂಚೆಯೇ ಬಂದು ಮೇಲೆ ಸರಿದುಹೋಗಿರುತ್ತದೆ. ರಾಜ್ಯ ಕಚೇರಿಯಿಂದ ಜಿಲ್ಲೆಯ ಡಿಡಿಪಿಐ, ಅಲ್ಲಿಂದ ತಾಲ್ಲೂಕಿನ ಬಿಇಒ, ಬಿಆರ್‌ಸಿ, ಅಕ್ಕಪಕ್ಕದ ಶಾಲೆಗಳ ಕ್ಲಸ್ಟರಿನ ಸಿಆರ್‌ಪಿ, ಮುಖ್ಯ ಶಿಕ್ಷಕರು. ಪ್ರತಿ ಮೆಟ್ಟಿಲಲ್ಲೂ ಒಬ್ಬರು ಒಂದು ಮುಖಪತ್ರ ಅಂಟಿಸಿ "ಅತಿ ಜರೂರು" ಎಂದು ಬರೆದು ಕೆಳಗೆ ಬಿಡುತ್ತಾರೆ. ಎಲ್ಲವೂ ಅತಿ ಜರೂರಾದ ಮೇಲೆ ಯಾವುದೂ ಜರೂರಲ್ಲ ಎಂಬುದನ್ನು ಶಾಲೆಗಳು ಎಂದೋ ಕಲಿತಿವೆ. ಗುಂಪಿನಲ್ಲಿ ನಲವತ್ತು ಜನ "ನೋಟೆಡ್ ಸರ್" ಎಂದು ಹಾಕುತ್ತಾರೆ, ಆ ನಲವತ್ತು "ನೋಟೆಡ್"ಗಳ ಕೆಳಗೆ ಸುತ್ತೋಲೆಯೇ ಮುಳುಗಿಹೋಗುತ್ತದೆ.

ವಾಟ್ಸ್ಯಾಪನ್ನು ಬಯ್ಯುವುದು ಸುಲಭ, ನಾನು ಬಯ್ಯಲಾರೆ. ಅದು ಬರುವ ಮೊದಲು ಟಪಾಲಿಗೆ ಕಾಯುತ್ತಿದ್ದ ಕಾಲ ಇದಕ್ಕಿಂತ ಕೆಟ್ಟದಿತ್ತು. ತೊಂದರೆ ಇರುವುದು ಬೇರೆ ಕಡೆ. ಬೇರೆ ಬೇರೆ ಆಯುಷ್ಯದ ಮಾಹಿತಿಯನ್ನು ನಾವು ಒಂದೇ ಕೊಳಾಯಿಯಲ್ಲಿ ಬಿಡುತ್ತಿದ್ದೇವೆ.

ಕಾನೂನಿನ ಆಯುಷ್ಯ ದೊಡ್ಡದು. 2016ರ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಅದೂ ಹತ್ತಿರದ ಶಾಲೆಯಲ್ಲಿ ಅಥವಾ ಮಗುವಿನ ಇಷ್ಟದ ವಿಶೇಷ ಶಾಲೆಯಲ್ಲಿ. ಸಾಮಾನ್ಯ ಶಿಕ್ಷಣ ಹಕ್ಕು 14ಕ್ಕೆ ನಿಲ್ಲುತ್ತದೆ, ಇದು 18ರವರೆಗೆ ಹೋಗುತ್ತದೆ. ತೀವ್ರ ವೈಕಲ್ಯವಿದ್ದರೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ಇವೆಲ್ಲ ಒಮ್ಮೆ ಸರಿಯಾಗಿ ಕಲಿತರೆ ಹತ್ತಾರು ವರ್ಷ ಬಾಳುವ ಸಂಗತಿಗಳು. ತರಬೇತಿಯಲ್ಲಿ ಕೂರಿಸಿ ಹೇಳಬೇಕಾದವು. ಮಾರ್ಗಸೂಚಿಗಳ ಆಯುಷ್ಯ ಕೆಲವು ವರ್ಷ. ಶಿಬಿರದ ತಾರೀಖು, ಅರ್ಜಿಯ ಗಡುವು ಕೆಲವೇ ದಿನ ಬದುಕುವಂಥವು. ಮಗುವಿನ ಸಂಗತಿಯಂತೂ, ಸೆಲ್ ಮುಗಿಯಿತು, ಮಾತ್ರೆ ಬದಲಾಯಿತು, ನಿನ್ನೆ ಫಿಟ್ಸ್ ಬಂತು, ಇವತ್ತು ಗೊತ್ತಾಗದಿದ್ದರೆ ನಾಳೆ ಗೊತ್ತಾಗಿ ಪ್ರಯೋಜನವಿಲ್ಲ. ನಾಲ್ಕನ್ನೂ ಒಂದೇ ಗುಂಪಿನಲ್ಲಿ, ಶುಭೋದಯದ ಗುಲಾಬಿಗಳ ನಡುವೆ ಹರಿಯಬಿಟ್ಟರೆ ಕಾನೂನು ನೆನಪಿನಲ್ಲಿ ನಿಲ್ಲುವುದಿಲ್ಲ, ಗಡುವು ಕಣ್ಣಿಗೆ ಬೀಳುವುದಿಲ್ಲ, ಮಗುವಿನ ಗುಟ್ಟು ಊರೆಲ್ಲ ಓಡುತ್ತದೆ.

ನಡುವಿನ ಆಯುಷ್ಯದವು ಅಂದೆನಲ್ಲ, ಮಾರ್ಗಸೂಚಿಗಳು, ಅವೇ ಹೆಚ್ಚು ಮೋಸ ಮಾಡುವುದು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೇ ತೆಗೆದುಕೊಳ್ಳಿ. ಮಗು ಚುರುಕಾಗಿದೆ, ಮಾತು ಚೆನ್ನಾಗಿದೆ, ಆದರೆ "ಕಮಲ" ಅನ್ನು "ಕಲಮ" ಎಂದು ಓದುತ್ತದೆ, ಒತ್ತಕ್ಷರ ಬಂದರೆ ಬೆವರುತ್ತದೆ. 2018ರ ಜನವರಿಯಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿತು. ಮೂರನೇ ತರಗತಿಯಲ್ಲಿ ಅಥವಾ ಎಂಟು ವರ್ಷಕ್ಕೆ, ಯಾವುದು ಮೊದಲೋ ಆಗ, ಶಾಲೆಯಲ್ಲೇ ಶಿಕ್ಷಕರಿಂದ ಮೊದಲ ತಪಾಸಣೆ. ಸರ್ಕಾರಿ ಇರಲಿ ಖಾಸಗಿ ಇರಲಿ, ಪ್ರತಿ ಶಾಲೆಯಲ್ಲೂ ಮುಖ್ಯಸ್ಥರ ನೇತೃತ್ವದ ಒಂದು ಸಮಿತಿ. ಅನುಮಾನ ಬಂದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು. ಆ ಪರೀಕ್ಷೆಗೆ ಅದು ಗೊತ್ತುಪಡಿಸಿದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆಯನ್ನು. ಪ್ರಮಾಣಪತ್ರ ಎಂಟು ತುಂಬಿದ ಮೇಲೆ ಮಾತ್ರ. ಮುಖ್ಯವಾದ ಮಾತು ಇನ್ನು ಮುಂದೆ: 14ನೇ ವಯಸ್ಸಿಗೆ ಒಮ್ಮೆ, 18ಕ್ಕೆ ಇನ್ನೊಮ್ಮೆ ಮತ್ತೆ ಪರೀಕ್ಷೆ ಮಾಡಿಸಬೇಕು, 18ರಲ್ಲಿ ಸಿಕ್ಕಿದ್ದು ಜೀವನಪೂರ್ತಿಗೆ.

ಹದಿನಾಲ್ಕು ಅಂದರೆ ಯಾವ ತರಗತಿ? ಹೆಚ್ಚುಕಡಿಮೆ ಒಂಬತ್ತು. ಅಂದರೆ ಎಸ್ಸೆಸ್ಸೆಲ್ಸಿಯ ಹೊಸ್ತಿಲು. ಮಗು ನಾಲ್ಕನೇ ತರಗತಿಯಲ್ಲಿದ್ದಾಗ ಕಷ್ಟಪಟ್ಟು ಮಾಡಿಸಿದ ಪ್ರಮಾಣಪತ್ರವನ್ನು ಅಪ್ಪ ಪ್ಲಾಸ್ಟಿಕ್ ಹಾಕಿಸಿ ಜೋಪಾನವಾಗಿ ಇಟ್ಟಿರುತ್ತಾನೆ. ಹತ್ತನೇ ತರಗತಿಯಲ್ಲಿ ಅದನ್ನು ತಂದು ಮೇಜಿನ ಮೇಲಿಟ್ಟಾಗ "ಇದು ಹಳೆಯದಾಯಿತಲ್ಲ" ಅನ್ನುತ್ತಾರೆ. ಮತ್ತೆ ಜಿಲ್ಲಾಸ್ಪತ್ರೆಗೆ ಓಡಾಡಿ, ಸರದಿ ಸಿಕ್ಕಿ, ಅಲ್ಲಿನ ಪರೀಕ್ಷೆ ಮುಗಿಯುವಷ್ಟರಲ್ಲಿ ಎಸ್ಸೆಸ್ಸೆಲ್ಸಿ ಅರ್ಜಿಯ ಗಡುವು ದಾಟಿರುತ್ತದೆ. ಇಂಥ ಒಬ್ಬ ಹುಡುಗನನ್ನು ನಾನು ನೋಡಿದ್ದೇನೆ. ಬಾಯಲ್ಲಿ ಕೇಳಿದರೆ ಪಾಣಿಪತ್ ಯುದ್ಧವನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದ, ಬರೆಯುವುದಕ್ಕೆ ಕೂತರೆ ಗಂಟೆಗೆ ಅರ್ಧ ಪುಟ. ಅವನಿಗೆ ಬೇಕಿದ್ದದ್ದು ಬರಹಗಾರ ಮತ್ತು ಹೆಚ್ಚುವರಿ ಸಮಯ. ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವು 2016ರ ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಹೆಸರು ಹಿಡಿದು ಬರೆದಿರುವ ಸೌಲಭ್ಯಗಳು. ಅವನ ಪ್ರೌಢಶಾಲೆಯ ಕಚೇರಿಯಲ್ಲಿ ಆ ವರ್ಷದ ಸುತ್ತೋಲೆಯೂ ಇತ್ತು. ಒಂಬತ್ತನೇ ತರಗತಿಯ ಜೂನ್‌ನಲ್ಲಿ ಯಾರಾದರೂ ಅವನ ಅಪ್ಪನಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಬೇಕಾದವರು ಯಾರು ಎಂದು ಎಲ್ಲೂ ಬರೆದಿರಲಿಲ್ಲ. ಹಾಗಾಗಿ ಯಾರೂ ತಪ್ಪಿತಸ್ಥರೂ ಆಗಲಿಲ್ಲ.

ಇಲ್ಲೇ ಇನ್ನೊಂದು ಗಂಟಿದೆ. ವೈಕಲ್ಯ ಅಳೆಯುವ ಮಾರ್ಗಸೂಚಿಗಳು 2024ರ ಮಾರ್ಚ್‌ನಲ್ಲಿ ಪರಿಷ್ಕೃತವಾಗಿ ಬಂದವು. ಹಳೆಯ ಪಿಡಿಎಫ್ ಅಳಿಸಿಹೋಗುತ್ತದೆಯೇ? ಇಲ್ಲ. ಎರಡೂ ಒಂದೇ ಫೋನಿನಲ್ಲಿ, ಒಂದೇ ಬಗೆಯ ಅಂಕಿ ಅಕ್ಷರಗಳ ಕಡತದ ಹೆಸರಿನಲ್ಲಿ ಕೂತಿರುತ್ತವೆ. ಹುಡುಕಿದಾಗ ಮೊದಲು ಸಿಕ್ಕಿದ್ದೇ ವೇದವಾಕ್ಯ. ಆದ್ದರಿಂದ ಹೊಸದನ್ನು ಕಳಿಸುವವರು "ಇದು ಹೊಸದು" ಎಂದರೆ ಸಾಲದು, "ಇಂಥ ವರ್ಷದ ಇಂಥದ್ದನ್ನು ಇನ್ನು ಬಳಸಬೇಡಿ, ಬದಲಾದದ್ದು ಇಷ್ಟು" ಎಂದೂ ಹೇಳಬೇಕು. ಸರ್ಕಾರಿ ಪತ್ರಗಳಲ್ಲಿ ಬದಲಾದದ್ದನ್ನು ಮಾತ್ರ ಎತ್ತಿ ಹೇಳುವ ಅಭ್ಯಾಸವೇ ಇಲ್ಲ. ಓದುವವರು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ವ್ಯತ್ಯಾಸ ಹುಡುಕಬೇಕು, ಪತ್ರಿಕೆಯ ಪುರವಣಿಯಲ್ಲಿ ಎರಡು ಚಿತ್ರಗಳ ಆಟ ಆಡುವ ಹಾಗೆ.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳ ಬಾಯಲ್ಲಿ "ನಾಳೆ ಮಗನ ಐಇಪಿ ಮೀಟಿಂಗ್ ಇದೆ" ಎಂಬ ಮಾತು ಕೇಳಿರಬಹುದು. ಅಲ್ಲಿ ವಿಶೇಷ ಅಗತ್ಯವಿರುವ ಪ್ರತಿ ಮಗುವಿಗೂ ಬರವಣಿಗೆಯಲ್ಲಿ ವೈಯಕ್ತಿಕ ಶಿಕ್ಷಣ ಯೋಜನೆ ಇರಬೇಕು. ನನ್ನ ಗಮನ ಸೆಳೆದದ್ದು ಆ ಯೋಜನೆಯಲ್ಲ, ಅದರ ಬೆನ್ನಿಗಿರುವ ಒಂದು ಸಣ್ಣ ನಿಯಮ. ಐಡಿಇಎ ಎಂಬ ಅವರ ಕಾಯ್ದೆಯ ನಿಯಮಾವಳಿಯಲ್ಲಿ, ಆ ಯೋಜನೆ ಮಗುವಿನ ಜೊತೆ ಕೆಲಸ ಮಾಡುವ ಪ್ರತಿ ಸಾಮಾನ್ಯ ಶಿಕ್ಷಕರಿಗೂ ವಿಶೇಷ ಶಿಕ್ಷಕರಿಗೂ ಇತರ ಸೇವೆ ಕೊಡುವವರಿಗೂ ಓದಲು ಸಿಗಬೇಕು ಎಂದಿದೆ. ಅಷ್ಟಕ್ಕೇ ನಿಲ್ಲದೆ, ಅದರಲ್ಲಿ ಪ್ರತಿಯೊಬ್ಬರ ಪಾಲಿನ ಕೆಲಸ ಏನು, ಮಗುವಿಗೆ ಯಾವ ಯಾವ ಅನುಕೂಲ ಮಾಡಿಕೊಡಬೇಕು ಎಂಬುದನ್ನು ಅವರವರಿಗೆ ತಿಳಿಸಲೇಬೇಕು ಎಂದಿದೆ. ಓದಲು ಸಿಗುವುದು ಒಂದು, ತಿಳಿಸುವುದು ಇನ್ನೊಂದು ಎಂದು ಕಾನೂನೇ ಬೇರ್ಪಡಿಸಿ ಹೇಳಿದೆ. ಅಲ್ಲೆಲ್ಲ ಚಿನ್ನದಂತೆ ನಡೆಯುತ್ತದೆ ಎಂದೇನಲ್ಲ. ಜಗಳ, ವಕೀಲರು, ವಿಚಾರಣೆ ಅಲ್ಲೂ ಸಾಕಷ್ಟಿದೆ. ಆದರೂ "ಗಣಿತದ ಮೇಷ್ಟ್ರಿಗೆ ಹೇಳಿದಿರಾ?" ಎಂದು ಅಪ್ಪ ಅಮ್ಮ ಕೇಳಿದರೆ ಉತ್ತರ ಕೊಡಬೇಕಾದ ಹೊಣೆ ಒಬ್ಬರ ಮೇಲಿದೆ. ನಮ್ಮ 2016ರ ಕಾಯ್ದೆಯ 16ನೇ ಸೆಕ್ಷನ್ ಪ್ರತಿ ಮಗುವಿನ ಭಾಗವಹಿಸುವಿಕೆ, ಪ್ರಗತಿಯನ್ನು ಶಾಲೆ ಗಮನಿಸುತ್ತಿರಬೇಕು ಎನ್ನುತ್ತದೆ. ಗಮನಿಸಿದ್ದನ್ನು ಯಾರಿಗೆ ಹೇಳಬೇಕು ಎಂಬುದನ್ನು ಶಾಲೆಯೇ ಕಂಡುಕೊಳ್ಳಬೇಕು.

ಹೇಳುವುದು ಅಂದ ಕೂಡಲೇ ಎಲ್ಲರಿಗೂ ಎಲ್ಲವನ್ನೂ ಹೇಳುವುದು ಎಂದಲ್ಲ. ಶಾಲಾ ಗುಂಪುಗಳಲ್ಲಿ ಮಕ್ಕಳ ಯುಡಿಐಡಿ ಕಾರ್ಡ್, ವೈದ್ಯರ ವರದಿ, ಬುದ್ಧಿಸೂಚ್ಯಂಕದ ಸಂಖ್ಯೆ, ಗಾಲಿಕುರ್ಚಿಯಲ್ಲಿ ಕೂತ ಫೋಟೊ ಹೇಗೆ ಓಡಾಡುತ್ತವೆ ಎಂದು ನೋಡಿದವರಿಗೆ ಗೊತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನ ಮಕ್ಕಳ ಮಾಹಿತಿ ಬಳಸಲು ಪೋಷಕರ ಒಪ್ಪಿಗೆಯ ಮಾತಾಡುತ್ತದೆ. ಕಾನೂನು ಹಾಗಿರಲಿ, ಪ್ರಶ್ನೆ ಸರಳ: ಈ ಕೆಲಸಕ್ಕೆ ಇವರಿಗೆ ಎಷ್ಟು ಗೊತ್ತಿದ್ದರೆ ಸಾಕು? ಶಾಲಾ ವಾಹನದ ಚಾಲಕರಿಗೆ ಮಗುವಿನ ರೋಗದ ಹೆಸರು ಬೇಡ. ಫಿಟ್ಸ್ ಬಂದರೆ ಏನು ಮಾಡಬೇಕು ಎಂದು ಬೇಕು. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ, ಕೈಗೆ ಬೀಗದ ಕೈಯನ್ನೋ ಕಬ್ಬಿಣವನ್ನೋ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಇಷ್ಟೇ. ಈ ಐದಾರು ಸಾಲು ಗೊತ್ತಿಲ್ಲದ ಎಷ್ಟು ಶಾಲೆಗಳಲ್ಲಿ ಆ ಮಗುವಿನ ಅಂಗವೈಕಲ್ಯದ ಶೇಕಡಾವಾರು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ!

ಹಾಗಾದರೆ ಎಲ್ಲಿಂದ ಶುರುಮಾಡುವುದು? ನಾನು ಕಂಡ ಮಟ್ಟಿಗೆ ಕೆಲಸ ಮಾಡಿದ್ದು ಹೊಸ ಪೋರ್ಟಲ್ ಅಲ್ಲ. ಪೋರ್ಟಲ್‌ಗಳು ಬಂದಿವೆ, ಬರುತ್ತಿವೆ. ಎನ್‌ಸಿಇಆರ್‌ಟಿ 2022ರಲ್ಲಿ ತಂದ ಪ್ರಶಸ್ತ್ ತಪಾಸಣಾ ಪಟ್ಟಿ ಮತ್ತು ಆ್ಯಪ್ ಒಳ್ಳೆಯದೇ. ಮೊದಲ ಭಾಗ ತರಗತಿ ಶಿಕ್ಷಕರಿಗೆ, ಎರಡನೆಯದು ಅದರ ಮುಂದಿನ ಹಂತಕ್ಕೆ ಎಂಬ ವಿಭಾಗವೂ ಸರಿಯಾಗಿದೆ. ಆದರೆ ಆ್ಯಪ್‌ಗಳು ಕೇಳುತ್ತವೆ, ಹೇಳುವುದಿಲ್ಲ. ಎಸ್‌ಎಟಿಎಸ್‌ಗೆ ತುಂಬು, ಯುಡೈಸ್‌ಗೆ ತುಂಬು, ಇದಕ್ಕೂ ತುಂಬು. ಮಾಹಿತಿ ಮೇಲಕ್ಕೆ ಹೋಗುವ ದಾರಿಗಳು ಹೆದ್ದಾರಿಯಷ್ಟು ಅಗಲ. ಕೆಳಗೆ ಬರುವ ದಾರಿ ಕಾಲುಹಾದಿ. ತುಂಬಿದವರಿಗೆ "ನೀವು ಹೋದ ತಿಂಗಳು ತುಂಬಿದ ಹನ್ನೆರಡು ಮಕ್ಕಳಲ್ಲಿ ಮೂವರಿಗೆ ಮರುಪರೀಕ್ಷೆಯ ವಯಸ್ಸು ಬಂತು" ಎಂದು ಆ ತಂತ್ರಾಂಶವೇ ತಿರುಗಿ ಹೇಳಬಹುದು. ಹುಟ್ಟಿದ ತಾರೀಖು ಅದರ ಹೊಟ್ಟೆಯಲ್ಲೇ ಇದೆಯಲ್ಲ!

ಕೆಲಸ ಮಾಡಿದ್ದು ಸಣ್ಣ ಸಣ್ಣ ಸಂಗತಿಗಳು. ನಮ್ಮ ಮೇಡಂ ಪ್ರತಿ ಸುತ್ತೋಲೆಯ ಮೇಲೆ ನಾಲ್ಕು ಸಾಲು ಬರೆದು ಆಮೇಲೆ ಕಳಿಸುತ್ತಿದ್ದರು: ಯಾರಿಗೆ, ಏನು ಮಾಡಬೇಕು, ಎಷ್ಟರೊಳಗೆ, ಗೊತ್ತಾಗದಿದ್ದರೆ ಯಾರನ್ನು ಕೇಳಬೇಕು. "ಎರಡನೇ ತರಗತಿ ಟೀಚರಿಗೆ ಇದು ಬೇಡ, ಓದಬೇಡಿ" ಎಂದೂ ಬರೆಯುತ್ತಿದ್ದರು. ಆ ಸಾಲಿಗೆ ಸಿಕ್ಕ ಮರ್ಯಾದೆ ಬೇರೆ ಯಾವುದಕ್ಕೂ ಸಿಗಲಿಲ್ಲ. ಬೇಡದ್ದನ್ನು ಬೇಡ ಎಂದು ಹೇಳುವವರು ಬೇಕು ಎಂದಾಗ ಜನ ಅವರನ್ನು ನಂಬುತ್ತಾರೆ. ಗುಂಪಿನಲ್ಲಿ "ನೋಟೆಡ್" ಹಾಕುವುದನ್ನು ಅವರು ನಿಲ್ಲಿಸಿಬಿಟ್ಟರು. ಅದರ ಬದಲು ಒಂದು ಪ್ರಶ್ನೆ ಕೇಳುತ್ತಿದ್ದರು: "ನಿಮ್ಮ ಶಾಲೆಯಲ್ಲಿ ಇದು ಎಷ್ಟು ಮಕ್ಕಳಿಗೆ ಅನ್ವಯಿಸುತ್ತದೆ?" ಸಂಖ್ಯೆ ಬರೆಯಬೇಕಾದರೆ ಸುತ್ತೋಲೆ ಓದಲೇಬೇಕು, ಹಾಜರಿ ಪುಸ್ತಕವನ್ನೂ ತೆಗೆಯಬೇಕು. ಸೊನ್ನೆ ಎಂದು ಬರೆದ ಶಾಲೆಗಳಿಗೆ ಅವರು ಮೊದಲು ಭೇಟಿ ಕೊಡುತ್ತಿದ್ದರು. ಸೊನ್ನೆ ಬರುವುದು ಹೆಚ್ಚಾಗಿ ಮಕ್ಕಳಿಲ್ಲದ್ದರಿಂದಲ್ಲ, ನೋಡದ್ದರಿಂದ.

ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ಹತ್ತು ನಿಮಿಷ ಕೇಳಿ ಪಡೆದದ್ದು ಇನ್ನೊಂದು. ಆ ಹತ್ತು ನಿಮಿಷದಲ್ಲಿ ಭಾಷಣ ಇರುತ್ತಿರಲಿಲ್ಲ, ಒಂದೇ ಒಂದು ಕೈಕೆಲಸ. ಒಂದು ತಿಂಗಳು ಶ್ರವಣ ಸಾಧನದ ಮುಷ್ಟಿ ಪರೀಕ್ಷೆ. ಇನ್ನೊಂದು ತಿಂಗಳು ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿದ ಮಗುವಿನ ಕಾಲಿನಲ್ಲಿ ಕೆಂಪು ಗುರುತು ಎಲ್ಲಿ ನೋಡಬೇಕು. ಮತ್ತೊಂದು ಸಲ ಕಡಿಮೆ ದೃಷ್ಟಿಯ ಮಗುವನ್ನು ಕಿಟಕಿಗೆ ಬೆನ್ನು ಮಾಡಿ ಏಕೆ ಕೂರಿಸಬೇಕು. ಶಿಕ್ಷಕರು ನಗುನಗುತ್ತಾ ತಾವೇ ಮುಷ್ಟಿ ಮುಚ್ಚಿ ಆ ಶಿಳ್ಳೆ ಕೇಳಿಸಿಕೊಂಡರು. ಪಿಡಿಎಫ್‌ನಲ್ಲಿ ಶಿಳ್ಳೆ ಕೇಳಿಸುವುದಿಲ್ಲ ನೋಡಿ.

ಭತ್ಯೆಯ ವಿಷಯದಲ್ಲಿ ಮಾತ್ರ ಅವರು ಸೋತರು ಎನ್ನಬೇಕು. ನೇರ ಖಾತೆಗೆ ಹಣ ಹಾಕುವ ಪದ್ಧತಿ ಬಂದ ಮೇಲೆ, ಆಧಾರ್ ಜೋಡಣೆ ತಪ್ಪಿದೆ ಅಥವಾ ಖಾತೆ ನಿಷ್ಕ್ರಿಯವಾಗಿದೆ ಎಂದು ವಾಪಸ್ ಹೋದ ಹಣದ ಸುದ್ದಿ ಶಾಲೆಗೆ ತಿಳಿಯುವುದು ತಿಂಗಳುಗಳ ನಂತರ, ಕೆಲವೊಮ್ಮೆ ತಾಯಿ ಬಂದು ಕೇಳಿದಾಗ. ಹೋದ ಹಣ ಏಕೆ ಹೋಯಿತು ಎಂಬ ಕಾರಣ ಬ್ಯಾಂಕಿನ ಸಂಕೇತಾಕ್ಷರಗಳಲ್ಲಿ ಇರುತ್ತದೆ, ಅದನ್ನು ಕನ್ನಡಕ್ಕೆ ಇಳಿಸಿ ಹೇಳುವವರು ಯಾರೂ ಇಲ್ಲ.

ಇನ್ನು ಕೊನೆಯದಾಗಿ, ಜನ ಬದಲಾದಾಗ ಆಗುವುದು. ಬಿಐಇಆರ್‌ಟಿ ಬೇರೆ ಕಡೆಗೆ ಹೋದರೆ ಅಧಿಕಾರ ವಹಿಸಿಕೊಡುವ ಪತ್ರದಲ್ಲಿ ಕುರ್ಚಿ, ಬೀರು, ಫಿಸಿಯೋಥೆರಪಿ ಚಾಪೆ, ಬಣ್ಣದ ಚೆಂಡು ಎಲ್ಲದರ ಲೆಕ್ಕ ಇರುತ್ತದೆ. ಮಕ್ಕಳ ಲೆಕ್ಕ ಹೆಸರು, ವೈಕಲ್ಯ, ಶೇಕಡಾ, ಇಷ್ಟಕ್ಕೆ ಮುಗಿಯುತ್ತದೆ. ಯಾವ ಮಗು ಮುಟ್ಟಿದರೆ ಕಿರುಚುತ್ತದೆ, ಯಾರ ಮನೆಗೆ ಬೆಳಗ್ಗೆ ಹತ್ತರೊಳಗೆ ಹೋದರೆ ಮಾತ್ರ ಅಜ್ಜಿ ಸಿಗುತ್ತಾರೆ, ಯಾರ ಪ್ರಮಾಣಪತ್ರ ಬರುವ ಮಾರ್ಚ್‌ಗೆ ಮುಗಿಯುತ್ತದೆ, ಇವೆಲ್ಲ ಹೋಗುವವರ ತಲೆಯಲ್ಲೋ ಫೋನಿನಲ್ಲೋ ಹೊರಟುಹೋಗುತ್ತವೆ. ಹೊಸಬರು ಜೂನ್‌ನಲ್ಲಿ ಮತ್ತೆ ಸೊನ್ನೆಯಿಂದ ಶುರು.

ನಮ್ಮ ಮೇಡಂ ವರ್ಗವಾಗಿ ಹೋಗುವಾಗ ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ ಬಿಟ್ಟುಹೋದರು. ಮಗುವಿಗೊಂದು ಪುಟ. ಮೇಲೆ ಹೆಸರು ಇಲ್ಲ, ಶಾಲೆಯ ದಾಖಲಾತಿ ಸಂಖ್ಯೆ ಮಾತ್ರ. ಕೆಳಗೆ ದುಂಡಗಿನ ಅಕ್ಷರದಲ್ಲಿ ಮಾಡಬೇಕಾದ್ದು, ಮಾಡಬಾರದ್ದು, ಮುಂದಿನ ತಾರೀಖು. ಹೊಸಬರಿಗೆ ಅದನ್ನು ಕೊಡುವಾಗ ನಾನೂ ತಿರುವಿ ನೋಡಿದೆ. ಆ ಐದನೇ ತರಗತಿಯ ಹುಡುಗಿ ಆಗ ಏಳಕ್ಕೆ ಬಂದಿದ್ದಳು. ಅವಳ ಪುಟದಲ್ಲಿ ಹೀಗಿತ್ತು: "ಬಲಗಿವಿ. ಮೊದಲ ಬೆಂಚು, ಎಡತುದಿ. ಮುಷ್ಟಿ ಪರೀಕ್ಷೆ ಪಕ್ಕದ ಹುಡುಗಿಗೆ ಬರುತ್ತದೆ, ಪ್ರಾರ್ಥನೆಗೆ ಮುಂಚೆ ಅವಳೇ ನೋಡುತ್ತಾಳೆ. ಸೆಲ್ ಚಿಕ್ಕಪ್ಪ ಶನಿವಾರ ಪೇಟೆಯಿಂದ ತರುತ್ತಾರೆ. ತರದಿದ್ದರೆ ಸೋಮವಾರ ಫೋನ್ ಮಾಡಿ, ಮೆಸೇಜ್ ಬೇಡ, ಅವರಿಗೆ ಓದಲು ಬರುವುದಿಲ್ಲ."